ಎರಡು ಇಂಪ್ಲಾಂಟ್, ಒಂದು ಹಲ್ಲಿನ ಸೆಟ್ಟು: ಭಾರ ಎಲ್ಲಿ ಬೀಳುತ್ತದೆ?

ಕೆಳದವಡೆಯಲ್ಲಿ ಒಂದೂ ಹಲ್ಲಿಲ್ಲದವರಿಗೆ ಮುಂಭಾಗದಲ್ಲಿ ಎರಡು ಇಂಪ್ಲಾಂಟ್ (ಮೂಳೆಯೊಳಗೆ ಇಳಿಸುವ ಟೈಟಾನಿಯಂ ಸ್ಕ್ರೂ) ಕೂರಿಸಿ, ತೆಗೆದು ಹಾಕಬಹುದಾದ ಸೆಟ್ಟನ್ನು ಅವಕ್ಕೆ ಸಿಕ್ಕಿಸುವುದು ಈಗ ಹೊಸ ವಿಷಯವಲ್ಲ. ಇಂಥವರಿಗೆ ಮೊದಲು ಹೇಳಬೇಕಾದ ಚಿಕಿತ್ಸೆಯೇ ಇದು ಎಂದು 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ್ದ ತಜ್ಞರು ಒಮ್ಮತದ ಹೇಳಿಕೆ ಕೊಟ್ಟರು. ಸೆಟ್ಟಿಗೂ ಇಂಪ್ಲಾಂಟಿಗೂ ನಡುವಿನ ಕೊಂಡಿಗೆ ಅಟ್ಯಾಚ್‌ಮೆಂಟ್ ಅನ್ನುತ್ತೇವೆ. ಬಾಲ್, ಲೊಕೇಟರ್, ಬಾರ್, ಮ್ಯಾಗ್ನೆಟ್ ಇವುಗಳಲ್ಲಿ ಯಾವುದು ಹಾಕಿದರೆ ಇಂಪ್ಲಾಂಟಿನ ಮೇಲೆ ಒತ್ತಡ ಕಡಿಮೆ ಎಂದು ವಿದ್ಯಾರ್ಥಿಗಳು, ಲ್ಯಾಬ್‌ನವರು, ಕೆಲವು ಸಲ ರೋಗಿಯ ಮಕ್ಕಳೂ ಕೇಳುತ್ತಾರೆ. ನಾವು ಕೊಡುವ ಉತ್ತರ ಅವರಿಗೆ ಅಷ್ಟಾಗಿ ರುಚಿಸುವುದಿಲ್ಲ. ಯಾವ ಕೊಂಡಿ ಅನ್ನುವುದರಿಂದ ಆಗುವ ವ್ಯತ್ಯಾಸಕ್ಕಿಂತ, ಆ ಕೊಂಡಿಯನ್ನು ಸೆಟ್ಟಿನೊಳಗೆ ಹಿಡಿಸುವ ಅರ್ಧ ಗಂಟೆಯಲ್ಲಿ ಆಗುವ ವ್ಯತ್ಯಾಸವೇ ಹೆಚ್ಚು.

ಕಾರಣ ತಿಳಿಯಬೇಕಾದರೆ ಯಾವುದು ಎಷ್ಟು ತಗ್ಗುತ್ತದೆ ಅನ್ನುವುದನ್ನು ನೋಡಬೇಕು. ಸ್ವಂತ ಹಲ್ಲಿನ ಬೇರಿನ ಸುತ್ತ ನಾರಿನ ತೆಳು ಪದರ ಇದೆ. ಒತ್ತಿದರೆ ಹಲ್ಲು 25ರಿಂದ 100 ಮೈಕ್ರಾನ್ ಇಳಿಯುತ್ತದೆ. ಇಂಪ್ಲಾಂಟ್ ನೇರವಾಗಿ ಮೂಳೆಗೇ ಬೆಸೆದುಕೊಂಡಿರುವುದರಿಂದ 3ರಿಂದ 5 ಮೈಕ್ರಾನ್ ಇಳಿದರೆ ಹೆಚ್ಚು. ಸೆಟ್ಟು ಕೂರುವ ವಸಡಿನ ಚರ್ಮವೋ ನೂರಾರು ಮೈಕ್ರಾನ್ ತಗ್ಗುತ್ತದೆ. ಹಿಂದಿನ ದವಡೆ ಹಲ್ಲಿನಲ್ಲಿ ಏನನ್ನಾದರೂ ಅಗಿದಾಗ ಸೆಟ್ಟಿನ ಹಿಂಭಾಗ ವಸಡಿಗೆ ಇಳಿಯುತ್ತದೆ, ಮುಂಭಾಗವನ್ನು ಇಂಪ್ಲಾಂಟ್ ಹಿಡಿದಿರುತ್ತದೆ. ಹಾಗಾಗಿ ಸೆಟ್ಟು ಎರಡು ಇಂಪ್ಲಾಂಟ್‌ಗಳನ್ನು ಸೇರಿಸುವ ಗೆರೆಯ ಮೇಲೆ ತಿರುಗಲೇಬೇಕು. ತಿರುಗಲು ಕೊಂಡಿ ಬಿಟ್ಟರೆ ಭಾರ ವಸಡಿಗೆ ಹಂಚಿಹೋಗುತ್ತದೆ. ಬಿಡದಿದ್ದರೆ ಅದೇ ತಿರುಗು ಇಂಪ್ಲಾಂಟನ್ನು ಮೀಟುವ ಬಲವಾಗುತ್ತದೆ.

ಒಂದು ಲೆಕ್ಕ ಹಾಕಿ ನೋಡಿ. ಇಂಪ್ಲಾಂಟಿನ ಗೆರೆಯಿಂದ 20 ಮಿ.ಮೀ. ಹಿಂದೆ 100 ನ್ಯೂಟನ್ ಭಾರ ಬಿತ್ತು ಅನ್ನೋಣ, ಅಂದರೆ ಸುಮಾರು ಹತ್ತು ಕಿಲೋ ತೂಕದಷ್ಟು. ಕೊಂಡಿ ಪೂರ್ತಿ ಬಿಗಿಯಾಗಿದ್ದು ವಸಡು ಏನನ್ನೂ ಹೊರದಿದ್ದರೆ ಇಂಪ್ಲಾಂಟುಗಳ ಪಾಲಿಗೆ 2000 ನ್ಯೂಟನ್-ಮಿ.ಮೀ. ಮೀಟು ಬರುತ್ತದೆ. ಮೀಟಿನ ಬಹುಪಾಲನ್ನು ತಡೆದುಕೊಳ್ಳುವುದು ಇಂಪ್ಲಾಂಟಿನ ಕುತ್ತಿಗೆಯ ಸುತ್ತಲಿನ ಗಟ್ಟಿ ಮೂಳೆ ಮತ್ತು ಇಂಪ್ಲಾಂಟಿನ ಮೊದಲ ಒಂದೆರಡು ಮರೆಗಳು, ಅಂದರೆ ಸ್ಕ್ರೂವಿನ ಸುತ್ತುಗಳು. ಟೈಟಾನಿಯಂ ಆ ಗಟ್ಟಿ ಮೂಳೆಗಿಂತ ಏಳೆಂಟು ಪಟ್ಟು ಬಿರುಸು, ಒಳಗಿನ ಜಾಳು ಮೂಳೆ ಅದರ ಹತ್ತನೇ ಒಂದು ಭಾಗದಷ್ಟೇ ಬಿರುಸು. ಹಾಗಾಗಿ ಇಂಪ್ಲಾಂಟ್ ಎಷ್ಟೇ ಉದ್ದ ಇರಲಿ, ಪೆಟ್ಟು ತಿನ್ನುವುದು ಮೇಲಿನ ಅಂಚು. ಉದ್ದ ಹೆಚ್ಚಿಸಿ ಇದನ್ನು ಸರಿಮಾಡುತ್ತೇವೆ ಅನ್ನುವವರಿಗೆ ಈ ಮಾತು ಇಷ್ಟವಾಗುವುದಿಲ್ಲ.

ಕೆಲಸ ಶುರುವಾಗುವುದು ಈಗಿರುವ ಸೆಟ್ಟಿನಿಂದ. ಇಂಪ್ಲಾಂಟ್ ಇಲ್ಲದೆಯೇ ಅದು ವಸಡಿನ ಮೇಲೆ ಅಲುಗದೆ ಕೂರಬೇಕು, ಹಿಂಭಾಗ ರೆಟ್ರೊಮೋಲಾರ್ ಪ್ಯಾಡ್‌ವರೆಗೂ (ಕೊನೆಯ ದವಡೆ ಹಲ್ಲಿನ ಹಿಂದಿರುವ ಮೆತ್ತನೆಯ ಉಬ್ಬು) ಹೋಗಿರಬೇಕು. ಕೂರದ ಸೆಟ್ಟನ್ನು ಅಟ್ಯಾಚ್‌ಮೆಂಟ್ ಹಿಡಿದುಕೊಳ್ಳುತ್ತದೆ ಎಂದು ನಂಬುವುದೇ ಮುಂದಿನ ಹಲವು ತೊಂದರೆಗಳ ಮೂಲ. ಹಿಡಿದುಕೊಳ್ಳುತ್ತದೆ, ನಿಜ, ಆದರೆ ವಸಡು ಹೊರಬೇಕಾದ್ದನ್ನೂ ತಾನೇ ಹೊರುತ್ತದೆ. ಸೆಟ್ಟು ಹಳತಾಗಿ ಸಡಿಲವಾಗಿದ್ದರೆ ಮೊದಲು ರೀಲೈನ್ ಮಾಡುತ್ತೇವೆ (ಒಳಮೈಗೆ ಹೊಸ ಪದರ ಕೊಟ್ಟು ವಸಡಿಗೆ ಹೊಂದಿಸುವುದು), ಇಲ್ಲವೇ ಹೊಸದು.

ಆಮೇಲೆ ಜಾಗದ ಅಳತೆ. ಸೆಟ್ಟಿನ ಮುಂದಿನ ಹಲ್ಲುಗಳ ಮೇಲೆ ಪುಟ್ಟಿಯ ಅಚ್ಚು ತೆಗೆದು, ಅದನ್ನು ಮಾಡೆಲ್ ಮೇಲೆ ಇಟ್ಟು ಅಳೆಯುತ್ತೇವೆ. ಇಂಪ್ಲಾಂಟಿನ ತಲೆಯಿಂದ ಹಲ್ಲಿನ ತುದಿಯವರೆಗೆ ಲೊಕೇಟರ್‌ಗೆ 9 ಮಿ.ಮೀ. ಆದರೂ ಬೇಕು, ಬಾಲ್‌ಗೆ 10ರಿಂದ 12, ಬಾರ್‌ಗೆ 12ರಿಂದ 14. ಹೌಸಿಂಗ್ (ಸೆಟ್ಟಿನೊಳಗೆ ಕೂರುವ, ಕೊಂಡಿಯ ಟೋಪಿಯಂಥ ಭಾಗ) ಮೇಲೆ ಸೆಟ್ಟಿನ ಅಕ್ರಿಲಿಕ್ 2 ಮಿ.ಮೀ. ಉಳಿಯದಿದ್ದರೆ ಸೆಟ್ಟು ಅಲ್ಲೇ ಬಿರುಕು ಬಿಡುತ್ತದೆ. ಬಿರುಕು ಹೆಚ್ಚಾಗಿ ಕಾಣುವುದು ಹೌಸಿಂಗಿನ ಅಂಚಿನಲ್ಲಿ ಅಥವಾ ಎರಡು ಹೌಸಿಂಗುಗಳ ನಡುವೆ ಮಧ್ಯಗೆರೆಯಲ್ಲಿ, ಏಕೆಂದರೆ ಎರಡು ಗಟ್ಟಿ ಆಧಾರಗಳ ಮೇಲೆ ಸೆಟ್ಟು ಬಾಗುವುದು ಅಲ್ಲೇ. ಜಾಗ ಕಡಿಮೆ ಇದ್ದವರಿಗೆ ಹೌಸಿಂಗಿನ ಮೇಲೆ ಹಾದುಹೋಗುವಂತೆ ಕ್ರೋಮ್-ಕೋಬಾಲ್ಟ್ ಚೌಕಟ್ಟು ಹಾಕಿಸುತ್ತೇವೆ. ಕಡೆಗಣಿಸಿ ಹಾಗೇ ಮಾಡಿದ ಸೆಟ್ಟುಗಳು ಎರಡು ತುಂಡಾಗಿ ಕವರಿನಲ್ಲಿ ವಾಪಸ್ ಬರುತ್ತವೆ.

ಈಗ ಅಟ್ಯಾಚ್‌ಮೆಂಟ್ ಆಯ್ಕೆ. ಇಂಪ್ಲಾಂಟಿನ ಮೇಲೆ 2.25 ಮಿ.ಮೀ. ವ್ಯಾಸದ ಗುಂಡು, ಸೆಟ್ಟಿನೊಳಗೆ ರಬ್ಬರ್ ಓ-ರಿಂಗ್ ಅಥವಾ ಲೋಹದ ಹಿಡಿಕೆ: ಇದು ಬಾಲ್. ಎಲ್ಲ ದಿಕ್ಕಿಗೂ ತಿರುಗುವುದರಿಂದ ಒತ್ತಡದ ಮಟ್ಟಿಗೆ ಅದು ಕೆಟ್ಟದ್ದೇನಲ್ಲ. ಅದರ ತೊಂದರೆ ಎತ್ತರದ್ದು. ಪಕ್ಕದಿಂದ 20 ನ್ಯೂಟನ್ ಬಲ ಬಂದರೆ, ಹಿಡಿತದ ಬಿಂದು ಮೂಳೆಯಿಂದ 3 ಮಿ.ಮೀ. ಮೇಲಿದ್ದಾಗ 60 ನ್ಯೂಟನ್-ಮಿ.ಮೀ. ಮೀಟು, 6 ಮಿ.ಮೀ. ಮೇಲಿದ್ದರೆ 120. ಲೊಕೇಟರ್ ಹೆಸರಾದದ್ದು ಈ ಕುಳ್ಳಗಿರುವ ಗುಣದಿಂದಲೇ. ಅಮೆರಿಕದ ಜೆಸ್ಟ್ ಕಂಪನಿಯ ಈ ಕೊಂಡಿ ಬಟ್ಟೆಯ ಟಿಚ್ ಬಟನ್ ಥರ ಕೂರುತ್ತದೆ; ವಸಡಿನಿಂದ ಮೇಲೆ 1.5 ಮಿ.ಮೀ. ಕಂಡರೆ ಸಾಕು. ಸೆಟ್ಟಿನೊಳಗಿನ ಲೋಹದ ಹೌಸಿಂಗಿನಲ್ಲಿ ನೈಲಾನ್ ಇನ್ಸರ್ಟ್ ಇರುತ್ತದೆ, ಅದರ ಮೇಲೆ ಹೌಸಿಂಗ್ ಸ್ವಲ್ಪ ವಾಲಬಲ್ಲದು.

ಬಾರ್ ವಿಷಯದಲ್ಲಿ ಮಾತು ಉದ್ದ. ಎರಡು ಇಂಪ್ಲಾಂಟುಗಳನ್ನು ಸರಳಿನಿಂದ ಬೆಸೆದರೆ ಭಾರ ಹಂಚಿಹೋಗುತ್ತದೆ ಅನ್ನುವುದು ಜನಪ್ರಿಯ ವಾದ. ಸರಳು ದುಂಡಗಿದ್ದು, ನೇರವಿದ್ದು, ದವಡೆ ತಿರುಗುವ ಅಕ್ಷಕ್ಕೆ ಸಮಾನಾಂತರವಾಗಿದ್ದರೆ ಮಾತ್ರ ಸೆಟ್ಟಿನೊಳಗಿನ ಕ್ಲಿಪ್ಪು ಅದರ ಮೇಲೆ ಬಾಗಿಲಿನ ತಿರುಗಣೆಯಂತೆ ತಿರುಗುತ್ತದೆ. ಡೋಲ್ಡರ್ ಬಾರ್ ಎರಡು ಬಗೆಯಲ್ಲಿ ಬರುತ್ತದೆ: ಮೊಟ್ಟೆಯಾಕಾರದ ಅಡ್ಡಕೊಯ್ತದ್ದು ತಿರುಗಲು ಬಿಡುತ್ತದೆ, ಪಕ್ಕಗಳು ನೇರವಾಗಿರುವ ಯು ಆಕಾರದ್ದು ಬಿಡುವುದಿಲ್ಲ. ಎರಡೇ ಇಂಪ್ಲಾಂಟಿಗೆ ಎರಡನೆಯದನ್ನು ಹಾಕಿದರೆ ಮೇಲಿನ ಲೆಕ್ಕದ ಮೀಟು ಬಹುಮಟ್ಟಿಗೆ ಹಾಗೇ ಕೆಳಗಿಳಿಯುತ್ತದೆ. ಮುಂದವಡೆ ಚೂಪಾಗಿರುವವರಲ್ಲಿ ನೇರ ಸರಳು ನಾಲಗೆಯ ಜಾಗಕ್ಕೆ ನುಗ್ಗುತ್ತದೆ. ನುಗ್ಗದಿರಲಿ ಎಂದು ಸರಳನ್ನು ದವಡೆಯ ಕಮಾನಿಗೆ ತಕ್ಕಂತೆ ಬಾಗಿಸಿದರೆ ಕ್ಲಿಪ್ಪು ತಿರುಗುವುದಿಲ್ಲ, ಸರಳು ಮಾತ್ರ ತಿರುಚಿಕೊಳ್ಳುತ್ತದೆ. ಉದ್ದವೂ ಮುಖ್ಯ. ಸರಳಿನ ಬಳುಕು ಉದ್ದದ ಘನಕ್ಕೆ ತಕ್ಕಂತೆ ಏರುತ್ತದೆ, ಉದ್ದ ಎರಡು ಪಟ್ಟಾದರೆ ಬಳುಕು ಎಂಟು ಪಟ್ಟು. ಇಂಪ್ಲಾಂಟಿನ ಹಿಂದಕ್ಕೂ ಸರಳನ್ನು ಚಾಚಿ ಬಿಡುವ ಅಭ್ಯಾಸವಿದೆ, ಹಿಡಿತ ಚೆನ್ನಾಗಿರುತ್ತದೆ ಎಂದು. ಎರಡೇ ಇಂಪ್ಲಾಂಟಿದ್ದರೆ ನಾವು ಚಾಚುವುದಿಲ್ಲ. ಚಾಚಿದ ಭಾಗ ಸನ್ನೆಕೋಲು, ಅದರ ಆನಿಕೆ ಹತ್ತಿರದ ಇಂಪ್ಲಾಂಟಿನ ಕುತ್ತಿಗೆ.

ಬಾರ್‌ನಲ್ಲಿ ಇನ್ನೊಂದು ಒತ್ತಡ ಅಗಿಯುವ ಮೊದಲೇ ಕೂತಿರುತ್ತದೆ. ಎರಕದ ಸರಳು ಇಂಪ್ಲಾಂಟಿನ ಮೇಲೆ ಸರಿಯಾಗಿ ಕೂರದೆ ಕೂದಲೆಳೆಯ ಸಂದಿ ಇದ್ದರೂ, ಸ್ಕ್ರೂ ಬಿಗಿಸಿದಾಗ ಆ ಸಂದಿ ಮುಚ್ಚುತ್ತದೆ. ಮುಚ್ಚಿದ ಬಲ ಹಗಲೂ ರಾತ್ರಿ ಮೂಳೆಯನ್ನು ಎಳೆಯುತ್ತಿರುತ್ತದೆ. ಅದಕ್ಕೆ ಒಂದೇ ಸ್ಕ್ರೂ ಪರೀಕ್ಷೆ: ಒಂದು ತುದಿಯ ಸ್ಕ್ರೂ ಮಾತ್ರ ಬಿಗಿಸಿ, ಇನ್ನೊಂದು ತುದಿ ಎದ್ದಿದೆಯೇ ಎಂದು ಕಣ್ಣಲ್ಲೂ ಎಕ್ಸ್‌ರೇಯಲ್ಲೂ ನೋಡುವುದು. ಎದ್ದಿದ್ದರೆ ಸರಳನ್ನು ಕತ್ತರಿಸಿ, ಬಾಯಲ್ಲೇ ಪ್ಯಾಟರ್ನ್ ರೆಸಿನ್‌ನಿಂದ (ಬೇಗ ಗಟ್ಟಿಯಾಗುವ ಪ್ಲಾಸ್ಟಿಕ್) ಸೇರಿಸಿ, ಲ್ಯಾಬ್‌ಗೆ ಬೆಸುಗೆಗೆ ಕಳಿಸುತ್ತೇವೆ. ಎರಡೂ ಸ್ಕ್ರೂ ಬಿಗಿಸಿ "ಕೂತಿದೆ" ಅಂದರೆ ಅದು ಪರೀಕ್ಷೆಯೇ ಅಲ್ಲ.

ಮ್ಯಾಗ್ನೆಟ್ ಪಕ್ಕದ ಬಲಕ್ಕೆ ಜಾರಿಬಿಡುತ್ತದೆ, ಹಾಗಾಗಿ ಇಂಪ್ಲಾಂಟನ್ನು ಮೀಟುವುದು ಕಡಿಮೆ. ಆದರೆ ಹಿಡಿತವೂ ಕಡಿಮೆ, ಹೊರಕವಚ ಸವೆದರೆ ಜೊಲ್ಲಿನಲ್ಲಿ ತುಕ್ಕು ಹಿಡಿಯುತ್ತದೆ. ಕೈ ಬಲವಿಲ್ಲದ ತೀರಾ ವಯಸ್ಸಾದವರಿಗೆ ಬಿಟ್ಟರೆ ನಾವು ಹೆಚ್ಚು ಬಳಸುವುದಿಲ್ಲ.

ಕಂಪ್ಯೂಟರ್‌ನಲ್ಲಿ ಫೈನೈಟ್ ಎಲಿಮೆಂಟ್ ಲೆಕ್ಕ (ದವಡೆ, ಇಂಪ್ಲಾಂಟುಗಳನ್ನು ಸಣ್ಣ ತುಂಡುಗಳಾಗಿ ಒಡೆದು ಒತ್ತಡ ಎಣಿಸುವ ವಿಧಾನ) ಹಾಕಿ ಕೆಂಪು, ಹಳದಿ, ನೀಲಿ ಬಣ್ಣಗಳಲ್ಲಿ ತೋರಿಸುವ ಚಿತ್ರಗಳನ್ನು ಹಿಡಿದುಕೊಂಡು ಬಾರ್ ಮೇಲೆಂದು ಕೆಲವರು, ಬಾಲ್ ಮೇಲೆಂದು ಕೆಲವರು ವಾದಿಸುತ್ತಾರೆ. ಪ್ರಬಂಧಗಳು ಎರಡೂ ಕಡೆ ಸಿಗುತ್ತವೆ. ಅವುಗಳನ್ನು ಓದುವಾಗ ನಾವು ಮೊದಲು ನೋಡುವುದು ವಸಡಿನ ಪದರಕ್ಕೆ ಎಷ್ಟು ದಪ್ಪ, ಎಷ್ಟು ಮೆದು ಕೊಟ್ಟಿದ್ದಾರೆ ಅನ್ನುವುದನ್ನು. ಅದನ್ನು ಬದಲಿಸಿದರೆ ಫಲಿತಾಂಶವೇ ಬದಲಾಗುತ್ತದೆ. ಎರಡನೆಯದು, ಸೆಟ್ಟಿಗೂ ವಸಡಿಗೂ ನಡುವೆ ಜಾರಾಟ ಇಟ್ಟಿದ್ದಾರೋ ಅಂಟಿಸಿಬಿಟ್ಟಿದ್ದಾರೋ. ಮೂರನೆಯದು, ಮೂಳೆಗೂ ವಾನ್ ಮೈಸಸ್ ಅಂಕಿ (ಎಲ್ಲ ದಿಕ್ಕಿನ ಒತ್ತಡವನ್ನು ಒಂದೇ ಸಂಖ್ಯೆಯಾಗಿಸಿದ ಅಳತೆ) ಕೊಟ್ಟು ಕೈತೊಳೆದುಕೊಂಡಿದ್ದಾರೋ. ಆ ಅಳತೆ ಬಾಗಿ ಹಿಗ್ಗುವ ಲೋಹಕ್ಕೆ ಸರಿ. ಮೂಳೆ ಒತ್ತನ್ನು ತಡೆಯುವಷ್ಟು ಎಳೆತವನ್ನು ತಡೆಯುವುದಿಲ್ಲ, ಆದ್ದರಿಂದ ಅಲ್ಲಿ ಒತ್ತು, ಎಳೆತ ಬೇರೆ ಬೇರೆ ಕಾಣಬೇಕು. ಬಾಯಲ್ಲಿ ನೋಡಿದರೆ, ಕೆಳದವಡೆಯ ಮುಂಭಾಗದ ಒಳ್ಳೆಯ ಮೂಳೆಯಲ್ಲಿ ಯಾವ ಕೊಂಡಿ ಹಾಕಿದರೂ ಇಂಪ್ಲಾಂಟ್ ಉಳಿಯುವ ಪ್ರಮಾಣದಲ್ಲಿ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ವ್ಯತ್ಯಾಸ ಕಾಣುವುದು ರಿಪೇರಿಯಲ್ಲಿ. ಮೇಲ್ದವಡೆಗೆ ಈ ಮಾತು ಒಯ್ಯಬೇಡಿ. ಅಲ್ಲಿ ಮೂಳೆ ಮೆದು, ನಾಲ್ಕು ಇಂಪ್ಲಾಂಟ್ ಬೇಕು, ಲೆಕ್ಕವೇ ಬೇರೆ.

ಕಡಿಮೆ ಖರ್ಚೆಂದು 2 ಮಿ.ಮೀ. ಸುಮಾರಿನ ಮಿನಿ ಇಂಪ್ಲಾಂಟ್ ಎರಡೇ ಹಾಕಿ ಮುಗಿಸುವುದೂ ಇದೆ. ಬಾಗುವುದನ್ನು ತಡೆಯುವ ಶಕ್ತಿ ವ್ಯಾಸದ ಘನಕ್ಕೆ ತಕ್ಕಂತೆ ಇರುತ್ತದೆ: 4 ಮಿ.ಮೀ.ನದಕ್ಕೆ ಹೋಲಿಸಿದರೆ 2 ಮಿ.ಮೀ.ನದರಲ್ಲಿ ಎಂಟನೇ ಒಂದು ಭಾಗ. ಮಿನಿಯೇ ಆಗಬೇಕೆಂದರೆ ಕೆಳದವಡೆಗೆ ನಾಲ್ಕು.

ಇಂಪ್ಲಾಂಟ್ ಕೂರಿಸುವ ಶಸ್ತ್ರಕ್ರಿಯೆಯನ್ನು ಇಲ್ಲಿ ಬಿಡಿಸುವುದಿಲ್ಲ. ಒತ್ತಡಕ್ಕೆ ಸಂಬಂಧಿಸಿದ್ದು ಎರಡೇ ಮಾತು. ಕೋರೆಹಲ್ಲಿನ ಜಾಗದಲ್ಲಿ, ಅಗಿಯುವ ತಲಕ್ಕೆ ಲಂಬವಾಗಿ, ಒಂದಕ್ಕೊಂದು ಸಮಾನಾಂತರವಾಗಿ ಇರಲಿ. ಅದಕ್ಕೆ ಸೆಟ್ಟಿನ ಪಾರದರ್ಶಕ ನಕಲು ಮಾಡಿ ಗೈಡ್ ಆಗಿ ಬಳಸುತ್ತೇವೆ. ಇನ್ನೊಂದು, ಮೂಳೆ ಕೂಡುವ ಮೂರು ತಿಂಗಳು ಹಳೆಯ ಸೆಟ್ಟು ಹೀಲಿಂಗ್ ಕ್ಯಾಪಿಗೆ (ಇಂಪ್ಲಾಂಟಿನ ತಲೆಗೆ ಹಾಕಿದ ತಾತ್ಕಾಲಿಕ ಮುಚ್ಚಳ) ತಗಲಬಾರದು. ತಗಲಿ ಇಂಪ್ಲಾಂಟ್ 100–150 ಮೈಕ್ರಾನ್‌ಗಿಂತ ಹೆಚ್ಚು ಅಲುಗತೊಡಗಿದರೆ ಸುತ್ತ ಮೂಳೆಯ ಬದಲು ನಾರು ಬೆಳೆಯುತ್ತದೆ. ಸೆಟ್ಟಿನಲ್ಲಿ ಆ ಜಾಗವನ್ನು ಧಾರಾಳವಾಗಿ ಕೆರೆದು ಸಾಫ್ಟ್ ಲೈನರ್ ತುಂಬುತ್ತೇವೆ.

ಇನ್ನು ಪಿಕಪ್, ಅಂದರೆ ಬಾಯಲ್ಲೇ ಹೌಸಿಂಗನ್ನು ಸೆಟ್ಟಿಗೆ ಹಿಡಿಸುವುದು. ಲೊಕೇಟರ್‌ನಲ್ಲಿ ಮಾಡುವ ಕ್ರಮ ಹೇಳುತ್ತೇವೆ. ಹೀಲಿಂಗ್ ಕ್ಯಾಪ್ ತೆಗೆದು ಇಂಪ್ಲಾಂಟಿನ ತಲೆಯಿಂದ ವಸಡಿನ ಅಂಚಿನ ಅತಿ ಎತ್ತರದ ಜಾಗದವರೆಗೆ ಪ್ರೋಬ್‌ನಲ್ಲಿ ಅಳೆದು, ಅಷ್ಟೇ ಅಥವಾ ಅದಕ್ಕಿಂತ ಒಂದು ಮಟ್ಟ ಮೇಲಿನ ಕಫ್ (ಕೊಂಡಿಯಲ್ಲಿ ವಸಡಿನೊಳಗೆ ಉಳಿಯುವ ಭಾಗ) ಎತ್ತರ ಆರಿಸುತ್ತೇವೆ. ಕಡಿಮೆ ಆರಿಸಿದರೆ ವಸಡು ಕೊಂಡಿಯ ಮೇಲೆ ಬಂದು ಹೌಸಿಂಗ್ ಪೂರ್ತಿ ಕೂರುವುದಿಲ್ಲ. ಅಬಟ್‌ಮೆಂಟನ್ನು, ಅಂದರೆ ಇಂಪ್ಲಾಂಟಿಗೆ ತಿರುಗಿಸಿ ಕೂರಿಸುವ ಕೊಂಡಿಯ ಕೆಳಭಾಗವನ್ನು, ಟಾರ್ಕ್ ರೆಂಚಿನಲ್ಲಿ 30 ನ್ಯೂಟನ್-ಸೆಂ.ಮೀ.ಗೆ ಬಿಗಿಸಿ (ಇಂಪ್ಲಾಂಟ್ ಕಂಪನಿಯ ಅಂಕಿ ಬೇರೆ ಇದ್ದರೆ ಅದೇ), ಹತ್ತು ನಿಮಿಷ ಬಿಟ್ಟು ಮತ್ತೆ ಅಷ್ಟಕ್ಕೇ ಬಿಗಿಸುತ್ತೇವೆ. ಮರೆಗಳ ಮೇಲ್ಮೈ ಒತ್ತಿ ಕೂರುವುದರಿಂದ ಮೊದಲ ಬಿಗಿ ಸ್ವಲ್ಪ ಸಡಿಲವಾಗಿರುತ್ತದೆ. ಎಕ್ಸ್‌ರೇಯಲ್ಲಿ ಸಂದಿ ಇಲ್ಲವೆಂದು ಖಾತ್ರಿಯಾದ ಮೇಲೇ ಮುಂದೆ.

ಪ್ರತಿ ಅಬಟ್‌ಮೆಂಟಿಗೂ ಬಿಳಿ ಸ್ಪೇಸರ್ ಉಂಗುರ ತೊಡಿಸಿ, ಅದರ ಮೇಲೆ ಕಪ್ಪು ಪ್ರೋಸೆಸಿಂಗ್ ಇನ್ಸರ್ಟ್ ಇರುವ ಹೌಸಿಂಗ್ ಕೂರಿಸುತ್ತೇವೆ. ಆ ಕಪ್ಪು ಇನ್ಸರ್ಟಿಗೆ ಒಂದು ಕೆಲಸವಿದೆ. ಹೌಸಿಂಗನ್ನು ಅದರ ಮೇಲೆ-ಕೆಳಗಿನ ಆಟದ ಮೇಲ್ತುದಿಯಲ್ಲಿ ಹಿಡಿದಿಡುವುದು ಅದು. ಕೊನೆಗೆ ನೈಲಾನ್ ಹಾಕಿದಾಗ ಸೆಟ್ಟಿಗೆ ಮಿ.ಮೀ.ನ ಸಣ್ಣ ಭಾಗದಷ್ಟು ಕೆಳಗಿಳಿಯುವ ಅವಕಾಶ ಉಳಿಯುತ್ತದೆ, ವಸಡು ತನ್ನ ಪಾಲನ್ನು ಹೊರುತ್ತದೆ. ಸಮಯ ಉಳಿಸಲು ಕಪ್ಪಿನ ಬದಲು ಕೊನೆಗೆ ಹಾಕುವ ಗುಲಾಬಿ ನೈಲಾನ್ ಇನ್ಸರ್ಟನ್ನೇ ನೇರ ಹಾಕಿ ಪಿಕಪ್ ಮಾಡಿದರೆ ಆ ಅವಕಾಶವನ್ನು ಕೈಯಾರೆ ತೆಗೆದುಹಾಕಿದಂತೆ.

ಹೌಸಿಂಗಿನ ನೆತ್ತಿಗೆ ಕಾಪಿಯಿಂಗ್ ಪೆನ್ಸಿಲ್‌ನಲ್ಲಿ ಬಣ್ಣ ಹಚ್ಚಿ ಸೆಟ್ಟು ಇಟ್ಟರೆ ಗುಳಿ ಎಲ್ಲಿ ಬೇಕೆಂದು ಗುರುತು ಬೀಳುತ್ತದೆ. ಅಲ್ಲಿ ಅಕ್ರಿಲಿಕ್ ಬರ್‌ನಿಂದ (ಕೊರೆಯುವ ಮೊನೆ) ಗುಳಿ ತೋಡಿ, ನಾಲಗೆಯ ಕಡೆಗೆ ಕಿಂಡಿ ಕೊರೆಯುತ್ತೇವೆ. ಹೆಚ್ಚಿನ ರೆಸಿನ್ ಹೊರಬರಲು ಆ ಕಿಂಡಿ ಬೇಕು. ಬಳಿಕ ಗುಳಿಗೆ ತೆಳು ಸಿಲಿಕೋನ್ ಹಾಕಿ ಸೆಟ್ಟು ಕೂರಿಸಿ ತೆಗೆಯುತ್ತೇವೆ. ಸಿಲಿಕೋನ್ ಪದರ ಎಲ್ಲಾದರೂ ಹರಿದು ಅಕ್ರಿಲಿಕ್ ಇಣುಕಿದರೆ ಹೌಸಿಂಗ್ ಅಲ್ಲಿ ತಗಲುತ್ತಿದೆ. ಕೆರೆದು ಮತ್ತೆ ನೋಡಬೇಕು, ಸುತ್ತ ಒಂದೇ ಸಮ ಪದರ ಉಳಿಯುವವರೆಗೆ. ಇಲ್ಲಿ ಅವಸರ ಮಾಡಿದರೆ ಸೆಟ್ಟು ವಸಡಿನ ಮೇಲೆ ಕೂರದೆ ಎರಡು ಹೌಸಿಂಗುಗಳ ಮೇಲೆ ನಿಲ್ಲುತ್ತದೆ. ರೋಗಿಗೆ ಗೊತ್ತಾಗುವುದಿಲ್ಲ, "ಗಟ್ಟಿಯಾಗಿ ಕೂತಿದೆ ಡಾಕ್ಟ್ರೇ" ಅಂತಲೇ ಅನ್ನುತ್ತಾರೆ. ಅಗಿದ ಪ್ರತಿ ತುತ್ತಿನ ಭಾರವೂ ಇಂಪ್ಲಾಂಟಿಗೆ.

ಕೋಲ್ಡ್ ಕ್ಯೂರ್ ಅಕ್ರಿಲಿಕ್ (ಬಿಸಿ ಮಾಡದೆಯೇ ಗಟ್ಟಿಯಾಗುವ ರೆಸಿನ್) ಕಲಸಿ ಗುಳಿಗೂ ಹೌಸಿಂಗಿನ ಸುತ್ತಲೂ ಸ್ವಲ್ಪ ಸ್ವಲ್ಪವೇ ಹಾಕುತ್ತೇವೆ. ಮೇಲಿನ ಸೆಟ್ಟೂ ಬಾಯಲ್ಲಿರಬೇಕು. ಹಲ್ಲು ಹಗುರಕ್ಕೆ ತಾಗುವಷ್ಟು ಮಾತ್ರ ಮುಚ್ಚಲು ಹೇಳುತ್ತೇವೆ: "ಅಜ್ಜಿ, ಕಚ್ಚಬೇಡಿ, ಸುಮ್ಮನೆ ತಾಗಿಸಿ." ಜೋರಾಗಿ ಕಚ್ಚಿಸಿದರೆ ವಸಡು ಅಮುಕಿಕೊಂಡ ಸ್ಥಿತಿಯಲ್ಲೇ ರೆಸಿನ್ ಗಟ್ಟಿಯಾಗುತ್ತದೆ. ಬಾಯಿ ಬಿಟ್ಟೊಡನೆ ವಸಡು ಮತ್ತೆ ಉಬ್ಬಿ ಸೆಟ್ಟನ್ನು ಮೇಲಕ್ಕೆ ತಳ್ಳುತ್ತದೆ, ಕೊಂಡಿ ಕೆಳಕ್ಕೆ ಎಳೆಯುತ್ತದೆ. ಬಾಯಿ ಸುಮ್ಮನಿದ್ದಾಗಲೂ ಎಳೆದಾಟ, ಹಾಗಾಗಿ ನೈಲಾನ್ ಬೇಗ ಸವೆಯುತ್ತದೆ.

ಸ್ಪೇಸರ್ ಹಾಕಲು ಮರೆತರೆ ಅಥವಾ ಅದು ಜಾರಿದರೆ ರೆಸಿನ್ ಅಬಟ್‌ಮೆಂಟಿನ ಕೆಳಗಿನ ಒಳಸರಿದ ಜಾಗಕ್ಕೆ ಹರಿದು ಸೆಟ್ಟು ಸಿಕ್ಕಿಹಾಕಿಕೊಳ್ಳುತ್ತದೆ. ಆಗ ಎಳೆದಾಡಬಾರದು. ನಾಲಗೆ ಕಡೆಯ ಕಿಂಡಿಯಿಂದ ಬರ್ ಇಳಿಸಿ ಹೌಸಿಂಗಿನ ಸುತ್ತ ಅಕ್ರಿಲಿಕ್ ಕತ್ತರಿಸಿ ಸೆಟ್ಟು ಬಿಡಿಸಬೇಕು. ಸೆಟ್ಟು ಹಾಳಾದರೆ ಮತ್ತೊಂದು ಮಾಡಬಹುದು.

ರೆಸಿನ್ ಗಟ್ಟಿಯಾದ ಮೇಲೆ ಸೆಟ್ಟು ತೆಗೆದು, ಹೌಸಿಂಗಿನ ಸುತ್ತ ಉಳಿದ ತೂತುಗಳನ್ನು ತುಂಬಿ, ಸ್ಪೇಸರ್ ತೆಗೆದು, ಕಪ್ಪು ಇನ್ಸರ್ಟನ್ನು ಕೋರ್ ಟೂಲ್‌ನಿಂದ ಕಿತ್ತು ನೈಲಾನ್ ಹಾಕುತ್ತೇವೆ. ನೀಲಿಯ ಹಿಡಿತ ಸುಮಾರು 680 ಗ್ರಾಂ, ಗುಲಾಬಿ 1.36 ಕಿಲೋ, ಪಾರದರ್ಶಕ 2.27 ಕಿಲೋ. ಮೊದಲು ನೀಲಿ. ಬಿಗಿ ಇದ್ದಷ್ಟೂ ಒಳ್ಳೆಯದೆಂಬ ಭಾವನೆ ರೋಗಿಗಳಲ್ಲೂ ಇದೆ, ವೈದ್ಯರಲ್ಲೂ ಇದೆ. ಆದರೆ ದಿನಕ್ಕೆ ಮೂರ್ನಾಲ್ಕು ಸಲ ಸೆಟ್ಟು ಕಿತ್ತು ತೆಗೆಯುವ ಬಲವೂ ಇಂಪ್ಲಾಂಟಿನದೇ ಲೆಕ್ಕಕ್ಕೆ. ಮಾಮೂಲಿ ಇನ್ಸರ್ಟ್ ಪ್ರತಿ ಇಂಪ್ಲಾಂಟಿಗೆ 10 ಡಿಗ್ರಿ ವಾಲಿಕೆಯವರೆಗೆ ಸರಿ. ಅದರ ನಡುವಿನ ಕಂಬ ಅಬಟ್‌ಮೆಂಟಿನ ಕುಳಿಗೆ ಇಳಿಯುತ್ತದೆ. ವಾಲಿಕೆ ಅದಕ್ಕಿಂತ ಹೆಚ್ಚಿದ್ದರೆ ಆ ಕಂಬವಿಲ್ಲದ ಹಸಿರು, ಕಿತ್ತಳೆ, ಕೆಂಪು ಇನ್ಸರ್ಟುಗಳು, 20 ಡಿಗ್ರಿಯವರೆಗೆ.

ಮುಂದಿನ ಹಲ್ಲುಗಳು ಮೊದಲು ತಾಗುತ್ತಿವೆಯೇ ಎಂದು 40 ಮೈಕ್ರಾನ್ ಕಾಗದದಲ್ಲಿ ನೋಡಿ ತೆಗೆಯುತ್ತೇವೆ. ಭಾರ ಹಿಂದೆ, ಎರಡೂ ಪಕ್ಕ ಒಟ್ಟಿಗೆ ಬೀಳಬೇಕು. ಮನೆಗೆ ಕಳಿಸುವ ಮುನ್ನ ಹೇಳುವುದರಲ್ಲಿ ಮುಖ್ಯವಾದದ್ದು, ಸೆಟ್ಟನ್ನು ಬೆರಳಿನಿಂದ ಕೂರಿಸಿ, ಕಚ್ಚಿ ಕೂರಿಸಬೇಡಿ. ತೆಗೆಯುವಾಗ ಎರಡೂ ಹೆಬ್ಬೆರಳಿನಿಂದ ಒಟ್ಟಿಗೆ ಎತ್ತಿ, ಒಂದು ಕಡೆಯಿಂದ ಮೀಟಬೇಡಿ. ಅಡಿಕೆ ಹೋಳು ಬೇಡ, ಎಲೆಯಡಿಕೆ ಬಿಡದವರು ಕುಟ್ಟಿ ತಿನ್ನಲಿ. ಅಬಟ್‌ಮೆಂಟಿನ ನಡುವಿನ ಕುಳಿಯಲ್ಲಿ ಒಗ್ಗರಣೆಯ ಸಾಸಿವೆ, ಟೊಮ್ಯಾಟೊ ಬೀಜ ಸಿಕ್ಕಿಕೊಂಡರೆ ಇನ್ಸರ್ಟ್ ಪೂರ್ತಿ ಇಳಿಯುವುದಿಲ್ಲ. "ಸೆಟ್ಟು ಸಡಿಲವಾಗಿದೆ" ಎಂದು ಬರುವವರಲ್ಲಿ ಮೊದಲು ನೋಡುವುದು ಆ ಕುಳಿಯನ್ನು. ಮೆದು ಬ್ರಷ್ ಸಾಕು.

ವರ್ಷಕ್ಕೊಮ್ಮೆ ಇನ್ಸರ್ಟ್ ಬದಲಿಸುವಾಗ ಹಳೆಯದನ್ನು ಕಸಕ್ಕೆ ಹಾಕುವ ಮೊದಲು ಲೂಪ್ (ಭೂತಗನ್ನಡಿ) ಹಿಡಿದು ನೋಡುತ್ತೇವೆ, ಬಹಳ ವಿಷಯ ಅದರಲ್ಲೇ ಇರುತ್ತದೆ. ಸುತ್ತಲೂ ಸಮನಾಗಿ ಸವೆದಿದ್ದರೆ ವಯಸ್ಸಾಗಿದೆ ಅಷ್ಟೇ. ನಡುವಿನ ಕಂಬ ಒಂದು ಕಡೆ ಕತ್ತರಿಸಿದಂತಿದ್ದರೆ ಇಂಪ್ಲಾಂಟುಗಳು ಸಮಾನಾಂತರವಾಗಿಲ್ಲ, ಕಂಬವಿಲ್ಲದ್ದಕ್ಕೆ ಹೋಗಬೇಕು. ತುಟಿಯ ಕಡೆ ಮತ್ತು ನಾಲಗೆಯ ಕಡೆ ಮಾತ್ರ ಅಂಚು ಚಪ್ಪಟೆಯಾಗಿದ್ದರೆ ಹಿಂದಿನ ರಿಡ್ಜ್ (ಸೆಟ್ಟು ಕೂರುವ ಮೂಳೆಯ ದಿಣ್ಣೆ) ಕರಗಿದೆ, ಸೆಟ್ಟು ಮುಂದೆ-ಹಿಂದೆ ತೂಗಾಡುತ್ತಿದೆ. ಖಚಿತಪಡಿಸಿಕೊಳ್ಳಲು ಹಿಂದಿನ ದವಡೆ ಹಲ್ಲನ್ನು ಬೆರಳಿನಿಂದ ಒತ್ತುತ್ತೇವೆ, ಮುಂಭಾಗ ಏಳುತ್ತದೆ. ಈ ಸ್ಥಿತಿಯಲ್ಲಿ ನೀಲಿ ತೆಗೆದು ಗುಲಾಬಿ ಹಾಕಿದರೆ ರೋಗಿಗೆ ಕೆಲವು ವಾರ ಖುಷಿ, ಇಂಪ್ಲಾಂಟಿಗೆ ಮೀಟು ಇನ್ನಷ್ಟು. ಇನ್ಸರ್ಟಿನ ಬಿಗಿ ಹೆಚ್ಚಿಸದೆ ರೀಲೈನ್‌ಗೆ ತೆಗೆದುಕೊಳ್ಳಬೇಕು: ಹೌಸಿಂಗಿಗೆ ಮತ್ತೆ ಕಪ್ಪು ಇನ್ಸರ್ಟ್ ಹಾಕಿ, ಸೆಟ್ಟಿನ ಒಳಮೈಗೆ ತೆಳು ಇಂಪ್ರೆಶನ್ ಸಿಲಿಕೋನ್ ಹಚ್ಚಿ, ಕಚ್ಚಿಸದೆ ಅಚ್ಚು ತೆಗೆದು ಲ್ಯಾಬ್‌ಗೆ ಕಳಿಸುವುದು. ಸೆಟ್ಟು ವಾಪಸ್ ಬಂದ ದಿನ ಅದೇ ಬೆರಳಿನ ಪರೀಕ್ಷೆ ಮಾಡಿ, ಮುಂಭಾಗ ಏಳದಿದ್ದರೆ ಹೊಸ ನೀಲಿ ಇನ್ಸರ್ಟ್ ಹಾಕುತ್ತೇವೆ.